ನೆಲ ಕಟ್ಟುವ ಸೊಸೆ

"ನಿಮ್ಮ ಸೊಸೆಗೆ ಏನು ಕೆಲಸ?" ಎಂದು ಯಾರಾದರೂ ಕೇಳಿದರೆ ನನಗೆ ಉತ್ತರ ಹೇಳುವುದು ಸ್ವಲ್ಪ ಕಷ್ಟವೇ. ಡಾಕ್ಟರು, ಲಾಯರು, ಬ್ಯಾಂಕು, ಇಲ್ಲವೇ ನನ್ನ ಹಾಗೆ ಟೀಚರು ಎಂದರೆ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ. ಸಿವಿಲ್ ಎಂಜಿನಿಯರ್ ಎಂದೆವೋ, "ಓ, ಮನೆ ಕಟ್ಟಿಸ್ತಾರಾ? ನಮ್ಮದೂ ಒಂದು ಸೈಟಿದೆ ನೋಡಿ" ಎಂದು ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಅವಳು ಮನೆ ಕಟ್ಟಿಸುವವಳಲ್ಲ. ರಸ್ತೆಯೋ ಬಡಾವಣೆಯೋ ಏನೇ ಬರುವುದಿದ್ದರೂ ಅದಕ್ಕೆ ಮೊದಲು ಅಲ್ಲಿನ ನೆಲದ ಏರಿಳಿತ ಹೇಗಿದೆ ಎಂಬುದನ್ನು ಕಂಪ್ಯೂಟರಿನಲ್ಲಿ ಕಟ್ಟಿ ತೋರಿಸುವುದು ಅವಳ ಕೆಲಸ. ಒಮ್ಮೆ ಎದುರುಮನೆಯವರಿಗೆ "ಅವಳು ನೆಲ ಕಟ್ತಾಳೆ" ಎಂದುಬಿಟ್ಟೆ. ಅವರು ವಾರ ಬಿಟ್ಟು ಬಂದು, ಅಡುಗೆಮನೆಗೆ ಗ್ರಾನೈಟ್ ಹಾಕಿಸುವುದು ಒಳ್ಳೆಯದೋ ಟೈಲ್ಸ್ ಒಳ್ಳೆಯದೋ ಎಂದು ಅವಳ ಸಲಹೆ ಕೇಳಿದರು!

2020ರಲ್ಲಿ ಕೊರೊನಾ ಬಂದು ಬೆಂಗಳೂರಿನ ಆಫೀಸುಗಳು ಬಾಗಿಲು ಹಾಕಿಕೊಂಡಾಗ ಮಗ, ಸೊಸೆ ಇಬ್ಬರೂ ನಮ್ಮ ಊರಿಗೆ ಬಂದು ಒಂದೂವರೆ ವರ್ಷ ನಮ್ಮ ಜೊತೆಯಲ್ಲೇ ಇದ್ದರು. ಊಟದ ಮೇಜಿನ ಒಂದು ತುದಿ ಅವಳ ಆಫೀಸಾಯಿತು. ಇನ್ನೊಂದು ತುದಿಯಲ್ಲಿ ನನ್ನ ಉತ್ತರಪತ್ರಿಕೆಗಳ ಕಟ್ಟು. ನಾನು ಹೈಸ್ಕೂಲಿನಲ್ಲಿ ಸಮಾಜವಿಜ್ಞಾನ ಹೇಳಿಕೊಡುವವಳು. ಬಿ.ಎ., ಬಿ.ಎಡ್. ಓದಿದವಳಿಗೂ ಎಂಜಿನಿಯರಿಂಗಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಆದರೆ ಒಂದೇ ಮೇಜಿನ ಎರಡು ತುದಿಯಲ್ಲಿ ಕೂತವರು ಎಷ್ಟು ದಿನ ಮಾತಾಡದೆ ಇದ್ದಾರು? ಕಾಫಿ ಲೋಟ ಇಡಲು ಹೋದಾಗ ಪರದೆಯ ಮೇಲೊಂದು ಕಣ್ಣು ಬೀಳುತ್ತದೆ. "ಅದೇನೇ ಅದು, ಜೇಡರ ಬಲೆ ಇದ್ದ ಹಾಗಿದೆ?" ಎಂದು ಕೇಳಿದೆ. ಅವಳು ನಕ್ಕು, "ಬೆಟ್ಟ ಅತ್ತೆ, ಕೂತ್ಕೊಳ್ಳಿ ತೋರಿಸ್ತೀನಿ" ಎಂದಳು. ಪಾಠ ಅಲ್ಲಿಂದ ಶುರುವಾಯಿತು.

ರಸ್ತೆಬದಿಯಲ್ಲಿ ಹುಡುಗರು ಮೂರು ಕಾಲಿನ ಮೇಲೆ ಒಂದು ಯಂತ್ರ ನಿಲ್ಲಿಸಿಕೊಂಡು, ಒಂದು ಕಣ್ಣು ಮುಚ್ಚಿ ನೋಡುವುದನ್ನು ನೀವೆಲ್ಲ ಕಂಡಿರುತ್ತೀರಿ. ಆ ಯಂತ್ರದ ಹೆಸರು ಟೋಟಲ್ ಸ್ಟೇಷನ್. ದೂರದಲ್ಲಿ ಇನ್ನೊಬ್ಬ ಹುಡುಗ ಕೋಲಿಗೆ ಪ್ರಿಸಂ ಎಂಬ ಗಾಜು ಸಿಕ್ಕಿಸಿಕೊಂಡು ನಿಂತಿರುತ್ತಾನೆ. ಯಂತ್ರದಿಂದ ಹೊರಟ ಬೆಳಕು ಆ ಗಾಜಿಗೆ ತಾಗಿ ಹಿಂತಿರುಗಿದಾಗ ದೂರ ತಿಳಿಯುತ್ತದೆ. ಯಂತ್ರ ಎಷ್ಟು ತಿರುಗಿದೆ, ಎಷ್ಟು ಬಾಗಿದೆ ಎನ್ನುವುದರಿಂದ ದಿಕ್ಕೂ ಎತ್ತರವೂ ಗೊತ್ತಾಗುತ್ತವೆ. ಅಲ್ಲಿಗೆ ಒಂದು ಚುಕ್ಕಿ ಸಿಕ್ಕಿತು. ಹುಡುಗ ಮುಂದೆ ನಡೆದು ಮತ್ತೆ ಕೋಲು ಊರಿದರೆ ಮತ್ತೊಂದು ಚುಕ್ಕಿ. ಹೀಗೆ ಬಿಸಿಲಿನಲ್ಲಿ ಅಲೆದು ಸಾವಿರಾರು ಚುಕ್ಕಿ ಕೂಡಿಹಾಕಿ ಕಳಿಸಿಕೊಡುತ್ತಾರೆ.

ಅವಳ ಕೈಗೆ ಬರುವುದು ಬರೀ ಅಂಕಿಗಳು. ನೋಡಲು ಥೇಟ್ ನಮ್ಮ ಹಾಜರಿ ಪುಸ್ತಕ. ಒಂದೊಂದು ಸಾಲಿನಲ್ಲಿ ಐದು ಅಂಕಣ: ಚುಕ್ಕಿಯ ಕ್ರಮಸಂಖ್ಯೆ, ಉತ್ತರಕ್ಕೆ ಎಷ್ಟು ದೂರ, ಪೂರ್ವಕ್ಕೆ ಎಷ್ಟು ದೂರ, ಎಷ್ಟು ಎತ್ತರ, ಕೊನೆಯಲ್ಲಿ ಅಲ್ಲಿ ಏನಿತ್ತು ಎಂಬ ಒಂದು ಚುಟುಕು ಗುರುತು. ರಸ್ತೆಯ ಅಂಚು, ಕರೆಂಟು ಕಂಬ, ಬಾವಿ, ಮರ, ಏನೂ ಇಲ್ಲದಿದ್ದರೆ ಬರೀ ನೆಲ. ಉತ್ತರ, ಪೂರ್ವದ ಅಂಕಣಗಳು ಅದಲುಬದಲಾದರೆ ಇಡೀ ಊರು ಕನ್ನಡಿಯಲ್ಲಿ ಕಂಡಂತೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗಿಬಿಡುತ್ತದಂತೆ. ಹಾಜರಿ ಪುಸ್ತಕದಲ್ಲಿ ಒಂದು ಸಾಲು ತಪ್ಪಿದರೆ ಬಂದ ಹುಡುಗ ಗೈರುಹಾಜರಾಗುವ ಹಾಗೆ.

ಈ ಚುಕ್ಕಿಗಳನ್ನು ಸಿವಿಲ್ ತ್ರೀಡಿ ಎನ್ನುವ ಸಾಫ್ಟ್‌ವೇರಿಗೆ ಉಣಿಸಿದಾಗ ಅದು ಚುಕ್ಕಿಗೆ ಚುಕ್ಕಿ ಸೇರಿಸಿ ಎಳೆ ಎಳೆಯುತ್ತದೆ. ದಿನಾ ಬೆಳಿಗ್ಗೆ ಬಾಗಿಲ ಮುಂದೆ ನಾವು ಮಾಡುವುದೂ ಅದನ್ನೇ ತಾನೆ? ವ್ಯತ್ಯಾಸ ಇಷ್ಟೇ, ನಮ್ಮ ರಂಗೋಲಿಯ ಚುಕ್ಕಿಗಳು ಸಾಲಾಗಿ, ಸಮನಾಗಿ ಇರುತ್ತವೆ. ಸರ್ವೆಯ ಚುಕ್ಕಿಗಳು ಒಂದೊಂದು ಒಂದೊಂದು ಎತ್ತರದಲ್ಲಿ, ಚೆಲ್ಲಿದ ಸಾಸಿವೆಯಂತೆ ಬಿದ್ದಿರುತ್ತವೆ. ಹಾಗಾಗಿ ಅಲ್ಲಿ ಹೂವು, ನಕ್ಷತ್ರ ಮೂಡುವುದಿಲ್ಲ. ಬರೀ ತ್ರಿಕೋನಗಳು. ಸಾವಿರಾರು ತ್ರಿಕೋನಗಳು ಅಂಚಿಗೆ ಅಂಚು ತಾಗಿಕೊಂಡು ಒಂದು ಹಾಸು ಆಗುತ್ತವೆ. ಇದಕ್ಕೆ ಅವರ ಭಾಷೆಯಲ್ಲಿ ಟಿನ್ ಎಂದು ಹೆಸರು. ಟಿನ್ ಎಂದರೆ ಎಣ್ಣೆ ಡಬ್ಬ ಎಂದು ತಿಳಿದ ನಮ್ಮಂಥವರಿಗಾಗಿ ಹೇಳುತ್ತೇನೆ: ಟ್ರಯಾಂಗ್ಯುಲೇಟೆಡ್ ಇರ್ರೆಗ್ಯುಲರ್ ನೆಟ್‌ವರ್ಕ್, ಎಂದರೆ ಒಂದಕ್ಕೊಂದು ಸಮನಿಲ್ಲದ ತ್ರಿಕೋನಗಳ ಹೆಣಿಗೆ.

"ತ್ರಿಕೋನವೇ ಯಾಕೆ? ಚೌಕ ಆಗಬಾರದೇ?" ಎಂದು ಕೇಳಿದೆ. ಟೀಚರಾದವಳಿಗೆ ಪ್ರಶ್ನೆ ಕೇಳುವ ಚಟ. ಅವಳು ಏನೋ ಗಣಿತದ ವಿವರಣೆ ಶುರುಮಾಡಿದಳು. ಆದರೆ ಹಿಂದಿನ ಕಾಲದ ಒಲೆಗೆ ಬೆಂಕಿ ಹಾಕಿದವರಿಗೆ ಅಷ್ಟು ವಿವರಣೆ ಬೇಕಿಲ್ಲ. ಮೂರು ಗುಂಡುಕಲ್ಲು ಇಟ್ಟು ಒಲೆ ಹೂಡಿದರೆ ನೆಲ ಎಷ್ಟೇ ಉಬ್ಬುತಗ್ಗಿದ್ದರೂ ಪಾತ್ರೆ ಅಲುಗುವುದಿಲ್ಲ. ನಾಲ್ಕನೆಯ ಕಲ್ಲು ಇಟ್ಟಿರೋ, ಗಡಗಡ ಎನ್ನುತ್ತದೆ. ನಮ್ಮ ಕ್ಲಾಸಿನ ನಾಲ್ಕು ಕಾಲಿನ ಮೇಜುಗಳ ಕೆಳಗೆ ಮಡಚಿದ ಕಾಗದ ತುರುಕಿರುವುದೂ ಇದೇ ಕಾರಣಕ್ಕೆ. ಯಾವ ಮೂರು ಚುಕ್ಕಿಗಳನ್ನು ಹಿಡಿದರೂ ಅವುಗಳ ಮೇಲೆ ಒಂದು ಹಲಗೆ ಅಲುಗದೆ ಕೂರುತ್ತದೆ. ನಾಲ್ಕಕ್ಕೆ ಆ ಭರವಸೆ ಇಲ್ಲ. "ಅತ್ತೆ, ನಮ್ಮ ಮೇಷ್ಟ್ರು ಇದನ್ನು ಅರ್ಧ ಗಂಟೆ ಹೇಳಿದ್ದರು" ಎಂದು ಅವಳು ನಕ್ಕಳು.

ಆದರೆ ಇರುವ ಚುಕ್ಕಿಗಳನ್ನೇ ಹಲವು ರೀತಿಯಲ್ಲಿ ಸೇರಿಸಬಹುದಲ್ಲ? ಯಾವುದು ಸರಿ? ಅದಕ್ಕೊಂದು ನಿಯಮವಿದೆ. ಬೋರಿಸ್ ಡೆಲೋನೆ ಎಂಬ ರಷ್ಯಾದ ಗಣಿತಜ್ಞ 1934ರಲ್ಲಿ ಅದನ್ನು ಬರೆದಿಟ್ಟ. ಒಂದು ತ್ರಿಕೋನದ ಮೂರು ಮೂಲೆಗಳನ್ನೂ ಮುಟ್ಟುವ ಹಾಗೆ ವೃತ್ತ ಎಳೆದರೆ ಆ ವೃತ್ತದ ಒಳಗೆ ಬೇರೆ ಯಾವ ಚುಕ್ಕಿಯೂ ಬರಬಾರದು. ಹೀಗೆ ಮಾಡಿದರೆ ಸೂಜಿಯಂತೆ ಸಣಕಲಾದ ತ್ರಿಕೋನಗಳು ಆದಷ್ಟು ಕಡಿಮೆಯಾಗಿ, ಹತ್ತಿರದ ಚುಕ್ಕಿ ಹತ್ತಿರದ್ದನ್ನೇ ಕೈಹಿಡಿಯುತ್ತದೆ. ಈ ಡೆಲೋನೆ ಬರೀ ಕಾಗದದ ಮೇಲೆ ಬೆಟ್ಟ ಕಂಡವನಲ್ಲ, ಹೆಸರಾಂತ ಪರ್ವತಾರೋಹಿಯೂ ಹೌದು. ಆಲ್ಟಾಯ್ ಪರ್ವತಗಳಲ್ಲಿ ಒಂದು ಶಿಖರಕ್ಕೆ ಅವನ ಹೆಸರಿದೆ. ಬೆಟ್ಟ ಹತ್ತಿದವನ ಗಣಿತ ಎಂದು ತಿಳಿದ ಮೇಲೆ ನನಗೆ ಆ ನಿಯಮದ ಮೇಲೆ ಗೌರವ ಇನ್ನೂ ಸ್ವಲ್ಪ ಹೆಚ್ಚಾಯಿತು.

ತ್ರಿಕೋನಗಳ ಹಾಸು ಸಿದ್ಧವಾದರೆ ಸಮೋನ್ನತಿ ರೇಖೆಗಳು ತಾವಾಗಿ ಮೂಡುತ್ತವೆ. ಇದು ನನ್ನ ಪಾಠದ ಸೀಮೆ! ಒಂದೇ ಎತ್ತರದಲ್ಲಿರುವ ಜಾಗಗಳನ್ನು ಸೇರಿಸುವ ಗೆರೆ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು, ದೂರ ದೂರ ಇದ್ದರೆ ಬಯಲು. ಇದನ್ನು ಹೇಳಿಕೊಡಲು ನಾನು ಪ್ರತಿ ವರ್ಷ ಒಂದು ಬೋಗುಣಿಯಲ್ಲಿ ಜೇಡಿಮಣ್ಣಿನ ಗುಡ್ಡ ಮಾಡಿ, ಒಂದೊಂದೇ ಲೋಟ ನೀರು ಹೊಯ್ಯುತ್ತಾ, ನೀರು ನಿಂತ ಅಂಚಿಗೆ ಕಡ್ಡಿಯಿಂದ ಗೆರೆ ಎಳೆಸುತ್ತೇನೆ. ಮಕ್ಕಳ ಬಟ್ಟೆ ಕೆಸರಾಗುತ್ತದೆ, ಪಾಠ ಮಾತ್ರ ಮರೆಯುವುದಿಲ್ಲ. ಸ್ಕಾಟ್ಲೆಂಡಿನ ಷಿಹಾಲಿಯನ್ ಎಂಬ ಬೆಟ್ಟದ ಬಳಿ 1774ರಲ್ಲಿ ಭೂಮಿಯ ಸಾಂದ್ರತೆ ತಿಳಿಯಲು ಒಂದು ಪ್ರಯೋಗ ನಡೆಯಿತು. ಅದಕ್ಕಾಗಿ ಬೆಟ್ಟದ ಗಾತ್ರ ಲೆಕ್ಕ ಹಾಕಬೇಕಾಗಿತ್ತು. ರಾಶಿ ರಾಶಿ ಎತ್ತರದ ಅಂಕಿಗಳ ನಡುವೆ ಕೂತ ಚಾರ್ಲ್ಸ್ ಹಟನ್, ಒಂದೇ ಎತ್ತರದವನ್ನು ಗೆರೆಯಿಂದ ಸೇರಿಸಿದಾಗ ಬೆಟ್ಟದ ಆಕಾರ ಕಣ್ಣಿಗೆ ಕಟ್ಟಿತು. ಸಮೋನ್ನತಿ ರೇಖೆಗಳ ಮೊದಮೊದಲ ಉದಾಹರಣೆಗಳಲ್ಲಿ ಅದೂ ಒಂದು. ಹಟನ್ ಕಲ್ಲಿದ್ದಲು ಗಣಿ ಕೆಲಸಗಾರನ ಮಗ, ಶಾಲೆ ನಡೆಸಿ ಪಾಠ ಹೇಳಿ ಮೇಲೆ ಬಂದವನು. ನಮ್ಮ ಜಾತಿಯವನೇ ಎಂದು ನಾನು ಸೊಸೆಯ ಮುಂದೆ ಹೆಮ್ಮೆಪಟ್ಟುಕೊಂಡೆ.

ಎತ್ತರ ಎಂದೆನಲ್ಲ, ಯಾವುದರಿಂದ ಎತ್ತರ? ರೈಲ್ವೆ ಸ್ಟೇಷನ್ನಿನ ಹಳದಿ ಫಲಕದ ಮೇಲೆ ಊರ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎಂದು ಬರೆದಿರುತ್ತದೆ. ಸಮುದ್ರವನ್ನೇ ಕಾಣದ ಊರಿಗೂ ಎತ್ತರದ ಲೆಕ್ಕ ಸಮುದ್ರದಿಂದಲೇ. ಇಡೀ ದೇಶದ ಎತ್ತರಗಳನ್ನು 1909ರ ಹೊತ್ತಿಗೆ ಒಂದು ಲೆಕ್ಕಕ್ಕೆ ಹೊಂದಿಸಿದಾಗ, ಅಲೆಗಳ ಏರಿಳಿತ ಅಳೆದು ಆಧಾರ ಹಿಡಿದದ್ದು ಒಂಬತ್ತು ಕಡೆ. ಅವುಗಳಲ್ಲಿ ನಮ್ಮ ಕಾರವಾರವೂ ಒಂದು. ಒಂದು ದಿನ ಅವಳು ಬೇಸರದಿಂದ ಕರೆದಳು. ಪರದೆಯ ಮೇಲೆ ಹೊಲಗದ್ದೆಗಳ ನಟ್ಟನಡುವೆ ಪಾತಾಳದವರೆಗೆ ಇಳಿದ ಒಂದು ಮೊಳೆ! ಯಾವುದೋ ಒಂದು ಚುಕ್ಕಿಗೆ ಎತ್ತರ ಬರೆಯುವುದು ಬಿಟ್ಟುಹೋಗಿ ಸೊನ್ನೆ ಎಂದು ದಾಖಲಾಗಿತ್ತು. ಸುತ್ತಮುತ್ತಲ ನೆಲ 800 ಮೀಟರ್ ಆಸುಪಾಸಿನಲ್ಲಿರುವಾಗ ಆ ಒಂದು ಚುಕ್ಕಿ ಮಾತ್ರ ಕಾರವಾರದ ಕಡಲಿನ ಮಟ್ಟಕ್ಕೆ ಹೋಗಿ ಕೂತಿತ್ತು. ಯಂತ್ರಕ್ಕೆ ಅದರಿಂದ ಒಂದಿಷ್ಟೂ ಆಶ್ಚರ್ಯವಾಗಿರಲಿಲ್ಲ. ಕೊಟ್ಟ ಅಂಕಿ ನಂಬಿ ಬಾವಿ ತೋಡಿಕೊಟ್ಟಿತ್ತು.

ಇಂಥದ್ದು ಕಣ್ಣಿಗೆ ಹೊಡೆಯುತ್ತದೆ, ಅಳಿಸಿದರೆ ಆಯಿತು. ಕಣ್ಣಿಗೆ ಕಾಣದಂತೆ ಮೋಸಮಾಡುವುದು ಚುಕ್ಕಿಗಳ ನಡುವಿನ ನೆಲ. ಅಳೆದದ್ದು ಚುಕ್ಕಿಗಳನ್ನು ಮಾತ್ರ. ಎರಡು ಚುಕ್ಕಿಗಳ ನಡುವೆ ಏನಿದೆ ಎಂದು ಯಂತ್ರಕ್ಕೆ ಗೊತ್ತಿಲ್ಲ. ಇಲ್ಲಿಂದ ಅಲ್ಲಿಗೆ ನೇರ ಇಳಿಜಾರು ಇರಬೇಕು ಎಂದು ತಾನೇ ತೀರ್ಮಾನಿಸಿಬಿಡುತ್ತದೆ. ಕೆರೆ ಏರಿಯನ್ನೇ ತೆಗೆದುಕೊಳ್ಳಿ. ಏರಿಯ ನೆತ್ತಿಯ ಮೇಲೆ ದೂರ ದೂರ ಕೆಲವು ಚುಕ್ಕಿ, ಬುಡದಲ್ಲಿ ಈ ಕಡೆ ಕೆಲವು, ಆ ಕಡೆ ಕೆಲವು. ಹತ್ತಿರದ್ದನ್ನು ಹತ್ತಿರಕ್ಕೆ ಸೇರಿಸುವ ಭರದಲ್ಲಿ ಅದು ಈ ಕಡೆಯ ಬುಡವನ್ನು ಆ ಕಡೆಯ ಬುಡಕ್ಕೆ ಏರಿಯ ಒಳಗಿಂದಲೇ ಜೋಡಿಸಿಬಿಡುತ್ತದೆ. ಪರದೆಯ ಮೇಲೆ ನಮ್ಮ ಹಿರಿಯರು ಕಟ್ಟಿದ ಗಟ್ಟಿ ಏರಿ, ಹಲ್ಲು ಬಿದ್ದ ಬಾಚಣಿಗೆಯಂತೆ ಅಲ್ಲಲ್ಲಿ ಒಡೆದು ನಿಂತಿರುತ್ತದೆ. ಅಳತೆ ಮಾಡದ ಕಡೆಯಂತೂ ಕೇಳುವುದೇ ಬೇಡ. ಅಂಚಿನ ಚುಕ್ಕಿಗಳು ಕೆರೆಯ ಆಚೆ ದಡಕ್ಕೇ ಕೈಚಾಚಿ, ನೀರಿನ ಮೇಲೆ ಇಲ್ಲದ ನೆಲ ಹಾಸುತ್ತವೆ. ಅದಕ್ಕೇ ಸುತ್ತಲೂ ಗಡಿಗೆರೆ ಹಾಕಿ, ಇದರಾಚೆ ನಿನ್ನ ಕಾರುಬಾರು ಬೇಡ ಎಂದು ಹೇಳಬೇಕಾಗುತ್ತದೆ.

ಇನ್ನು ಒಡೆದ ಏರಿಯನ್ನು ಸರಿಪಡಿಸಲು ನೆತ್ತಿಯುದ್ದಕ್ಕೂ ಒಂದು ಗೆರೆ, ಎರಡೂ ಬುಡಗಳ ಉದ್ದಕ್ಕೂ ಒಂದೊಂದು ಗೆರೆ ಎಳೆಯುತ್ತಾಳೆ. ಇದಕ್ಕೆ ಬ್ರೇಕ್‌ಲೈನ್ ಎನ್ನುತ್ತಾರೆ. ಆ ಗೆರೆಯನ್ನು ದಾಟಿ ಯಾವ ತ್ರಿಕೋನವೂ ಹೋಗುವಂತಿಲ್ಲ. ಥಟ್ಟನೆ ಏರಿ ಎದ್ದು ನಿಲ್ಲುತ್ತದೆ. ರಸ್ತೆಯ ಅಂಚು, ಹಳ್ಳದ ದಂಡೆ, ಗದ್ದೆಯ ಬದು, ಗುಡ್ಡದ ಏಣು, ನೆಲ ಎಲ್ಲೆಲ್ಲಿ ಮುರಿದು ತಿರುಗುತ್ತದೋ ಅಲ್ಲೆಲ್ಲ ಈ ಗೆರೆ ಬೇಕು. ಇದನ್ನು ಯಂತ್ರ ತಾನಾಗಿ ಎಳೆಯುವುದಿಲ್ಲ. ಇಲ್ಲೊಂದು ಏರಿ ಇದೆ ಎಂದು ಬಲ್ಲವರು ಹೇಳಬೇಕು. "ಅರ್ಧ ಕೆಲಸ ಇದೇ ಅತ್ತೆ. ಸ್ಥಳ ನೋಡಿದವರ ಬುದ್ಧಿಯನ್ನು ಗೆರೆಯಾಗಿ ಎಳೆಯೋದು" ಎಂದಳು. ಆ ಮಾತಿನ ತೂಕ ನನಗೆ ತಿಳಿದದ್ದು 2021ರ ಬೇಸಿಗೆಯಲ್ಲಿ, ನನ್ನ ತವರೂರೇ ಅವಳ ಪರದೆಯ ಮೇಲೆ ಬಂದಾಗ.

ತವರಿನ ಕಡೆ ಒಂದು ರಸ್ತೆ ಅಗಲ ಮಾಡಿ, ಊರ ಹೊರಗೆ ಕೆರೆಯ ಕೆಳಭಾಗದಲ್ಲಿ ಸುತ್ತಿ ಹೋಗುವಂತೆ ಹೊಸ ದಾರಿ ತೆಗೆಯುವ ಯೋಜನೆ ಅವಳ ಆಫೀಸಿಗೆ ಬಂದಿತ್ತು. "ನಿಮ್ಮೂರು ನೋಡಿ ಅತ್ತೆ" ಎಂದು ಕೂಗಿದಾಗ ಹಿಟ್ಟಿನ ಕೈಯಲ್ಲೇ ಓಡಿದೆ. ಕೆರೆ, ಏರಿ, ತೂಬು, ಈಶ್ವರನ ಗುಡಿಯ ದಿಣ್ಣೆ, ತೆಂಗಿನ ತೋಟಗಳು, ಕೆಳಗಿನ ಕೇರಿ. ನೋಡುತ್ತಾ ನೋಡುತ್ತಾ ಏನೋ ಕೊರತೆ ಅನ್ನಿಸಿತು. ಏರಿಯ ಮೂಲೆಯಲ್ಲಿ ಕೋಡಿ ಇದೆ. ಕೋಡಿಯಿಂದ ಇಳಿಯುವ ಹಳ್ಳ ಎಲ್ಲಿ? "ಹಳ್ಳ ಏನಾಯ್ತೇ?" ಎಂದೆ. ಅವಳು ಅಂಕಿಗಳನ್ನೆಲ್ಲ ಹುಡುಕಿದಳು. ಹಳ್ಳ ಎಂಬ ಗುರುತಿನ ಒಂದು ಚುಕ್ಕಿಯೂ ಇರಲಿಲ್ಲ.

ಆದದ್ದು ಇಷ್ಟು. ಹೊಸ ದಾರಿಯ ಉದ್ದಕ್ಕೂ 25 ಮೀಟರಿಗೊಂದರಂತೆ ಅಡ್ಡಸಾಲು ಹಿಡಿದು ಚುಕ್ಕಿ ತೆಗೆದಿದ್ದರು. ಹಳ್ಳವೂ ದಾರಿಗೆ ಅಡ್ಡವಾಗಿಯೇ ಹರಿಯುವಂಥದ್ದು. ಎರಡು ಸಾಲುಗಳ ನಡುವೆ ಸಿಕ್ಕಿ ತಪ್ಪಿಸಿಕೊಂಡುಬಿಟ್ಟಿತ್ತು. ಕೋಡಿ ಬಿದ್ದು ಎಷ್ಟೋ ವರ್ಷಗಳಾಗಿ ಹೂಳು ತುಂಬಿತ್ತು. ಎರಡೂ ಕಡೆಯ ಹೊಲದವರು ಒತ್ತಿಕೊಂಡು ಬಂದು ಆರಡಿಯಷ್ಟೇ ಉಳಿದಿತ್ತು. ಅದರ ಮೇಲೆ ಲಾಂಟಾನ, ಜಾಲಿ ಬೆಳೆದು ಬೇಸಿಗೆಯಲ್ಲಿ ನೋಡಿದವರಿಗೆ ಒಂದು ಬೇಲಿಯಂತೆ ಕಾಣುತ್ತಿತ್ತು. ದೂರದ ಊರಿನಿಂದ ಬಂದ ಹುಡುಗರಿಗೆ ಅದು ಹಳ್ಳ ಎಂದು ಹೇಳುವವರು ಯಾರು?

ಆ ಸಾಫ್ಟ್‌ವೇರಿನಲ್ಲಿ ಒಂದು ಉಪಾಯವಿದೆ. ನೆಲದ ಮೇಲೆ ಎಲ್ಲಿ ಬೇಕಾದರೂ ಒತ್ತಿದರೆ, ಅಲ್ಲಿ ಬಿದ್ದ ಒಂದು ಹನಿ ನೀರು ಇಳಿಜಾರು ಹಿಡಿದು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಗೆರೆ ಎಳೆದು ತೋರಿಸುತ್ತದೆ. ಅವಳು ಕೋಡಿಯ ಬಾಯಿಗೆ ಒತ್ತಿದಳು. ಹನಿ ಹಳೆಯ ಹಳ್ಳದ ಜಾಡು ಬಿಟ್ಟು, ಹೊಲಗಳ ಮೇಲೆ ಓರೆಯಾಗಿ ಇಳಿದು, ಕೆಳಗಿನ ಕೇರಿಯ ಹಿತ್ತಿಲ ಬಳಿ ಹೊಸ ದಾರಿಯನ್ನು ಮುಟ್ಟಿತು. ಅಲ್ಲೇ ತಗ್ಗು ಎಂದು ತಿಳಿದು ಒಂದು ಸಣ್ಣ ಮೋರಿಯನ್ನು ಅಲ್ಲಿಗೇ ಗುರುತು ಹಾಕಿದ್ದರು. ಹಳ್ಳ ನಿಜವಾಗಿ ದಾರಿಯನ್ನು ಸೇರುವ ಕಡೆ ಮೋರಿಯೇ ಇಲ್ಲ. ಅಲ್ಲಿ ಒಂದಾಳೆತ್ತರ ಮಣ್ಣು ಏರಿಸಿ ರಸ್ತೆ ಬರುವುದಿತ್ತು. ಎಂದರೆ ಒಂದು ದಿನ ಕೆರೆ ತುಂಬಿ ಕೋಡಿ ಬಿದ್ದರೆ, ಹಳ್ಳದ ನೀರು ರಸ್ತೆಯ ಏರಿಗೆ ಬಡಿದು, ಅದರ ಬುಡ ಹಿಡಿದು ಹರಿದು, ಕೇರಿಯ ಮನೆಗಳ ಹಿತ್ತಿಲಲ್ಲಿ ಮಡುವಾಗಿ ನಿಲ್ಲಬೇಕು.

ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ ಕೆರೆ ಕೋಡಿ ಬಿದ್ದು, ಹಳ್ಳ ಉಕ್ಕಿ, ಆ ಕೇರಿಯವರು ಮೂರು ರಾತ್ರಿ ನಮ್ಮ ಶಾಲೆಯ ಜಗುಲಿಯಲ್ಲಿ ಕಳೆದದ್ದು ನನಗೆ ಚೆನ್ನಾಗಿ ನೆನಪಿದೆ. ಆಗ ಹಳ್ಳಕ್ಕೆ ಅಡ್ಡ ಏನೂ ಇರಲಿಲ್ಲ. ನೆನೆದ ರಾಗಿಯನ್ನು ಹೆಂಗಸರು ಶಾಲೆಯ ಅಂಗಳದಲ್ಲಿ ಹರವಿ, ಮೊಳಕೆ ಬಂದದ್ದನ್ನು ಆರಿಸಿ ಆರಿಸಿ ಎಸೆಯುತ್ತಿದ್ದರು. ನೀರು ನುಗ್ಗಿದ ಮನೆಯನ್ನು ಮತ್ತೆ ಮನೆ ಮಾಡುವುದು ಹೆಂಗಸಿನ ಪಾಲಿಗೇ ಬರುವ ಕೆಲಸ. ಕೆಸರು ಬಾಚಬೇಕು, ಒಲೆ ಮತ್ತೆ ಹೂಡಬೇಕು, ಒದ್ದೆ ಕೌದಿ ಒಣಗಿಸಬೇಕು.

ಆ ಸಂಜೆಯೇ ನನ್ನ ಅಣ್ಣನಿಗೆ ಫೋನ್ ಮಾಡಿದೆವು. ಊರಿನಲ್ಲಿ ಹಿಂದೆ ನೀರುಗಂಟಿ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರಿದ್ದರು. ಎಂಬತ್ತು ದಾಟಿತ್ತು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಎಂಬುದರಿಂದ ಹಿಡಿದು ತೂಬಿನ ಕಲ್ಲಿನವರೆಗೆ ಎಲ್ಲವೂ ಅವರ ತಲೆಯಲ್ಲಿತ್ತು. ಮರುದಿನ ಬೆಳಿಗ್ಗೆ ಅಣ್ಣ ಅವರನ್ನು ಕರೆದುಕೊಂಡು ಹೋಗಿ ವಿಡಿಯೋ ಕರೆ ಮಾಡಿದ. ಅವರು ಕೋಲೂರಿಕೊಂಡು ಮುಂದೆ, ಅಣ್ಣ ಫೋನು ಹಿಡಿದು ಹಿಂದೆ. ಇಲ್ಲಿ ಊಟದ ಮೇಜಿನ ಮೇಲೆ ನಾವಿಬ್ಬರು. ಲಾಂಟಾನದ ಪೊದೆಯನ್ನು ಕೋಲಿನಿಂದ ಸರಿಸಿ ಅವರು ಹೇಳಿದರು: "ಹಳ್ಳ ಎಲ್ಲೂ ಹೋಗಿಲ್ಲ ಕಣವ್ವ. ಮಲಗೈತೆ ಅಷ್ಟೆ. ಎದ್ದ ದಿನ ಗೊತ್ತಾಯ್ತದೆ."

ನನ್ನ ಸೊಸೆ ಒಂದು ಮಾತೂ ಆಡಲಿಲ್ಲ. ಅವತ್ತೇ ಆಫೀಸಿಗೆ ಬರೆದಳು. ಮೇಲಿನವರಿಗೆ ಇದು ಹಿಡಿಸಲಿಲ್ಲ. ಸರ್ವೆ ಮುಗಿದಿದೆ, ಅಂಕಿಗಳಲ್ಲಿ ಇಲ್ಲದ್ದನ್ನು ನಾವು ಹುಡುಕಿಕೊಂಡು ಹೋಗಬೇಕಾಗಿಲ್ಲ, ಮತ್ತೆ ಜನ ಕಳಿಸಿದರೆ ಖರ್ಚು, ವಾರಗಟ್ಟಲೆ ತಡ ಎಂದರು. ಅವಳ ಧ್ವನಿ ಯಾವಾಗಲೂ ಮೆಲು. ಆ ದಿನ ಪಕ್ಕದ ಕೋಣೆಗೆ ಕೇಳಿಸುತ್ತಿತ್ತು. ಫೋನಿಟ್ಟ ಮೇಲೆ ಕೈ ನಡುಗುತ್ತಿದ್ದರೂ, "ನಾಳೆ ನೀರು ನುಗ್ಗಿದರೆ ಆ ನಕ್ಷೆ ಮಾಡಿದವಳು ನಾನೇ ಆಗಿರ್ತೀನಲ್ಲ ಅತ್ತೆ" ಎಂದಳು. ಹತ್ತು ದಿನ ಹೀಗೆಯೇ ಎಳೆದಾಡಿತು. ಅವಳು ನೀರಿನ ಹನಿಯ ಎರಡು ದಾರಿಗಳನ್ನೂ, ಕೇರಿಯ ಮನೆಗಳ ಮಟ್ಟವನ್ನೂ ಒಂದೇ ಹಾಳೆಯಲ್ಲಿ ಬರೆದು ಕಳಿಸಿದ ಮೇಲೆ ಒಪ್ಪಿದರು. ಹುಡುಗರು ಮತ್ತೆ ಹೋದರು. ಈ ಸಲ ಅಣ್ಣನೂ ಆ ಹಿರಿಯರೂ ಜೊತೆಗಿದ್ದರು. ಪೊದೆ ಕಡಿಸಿ, ಹಳ್ಳದ ತಳ, ಎಡದಂಡೆ, ಬಲದಂಡೆ ಹಿಡಿದು ಅರುವತ್ತು ಚಿಲ್ಲರೆ ಚುಕ್ಕಿಗಳು ಬಂದವು.

ನಾಲ್ಕು ಸಾವಿರ ಚುಕ್ಕಿಗಳ ನಡುವೆ ಅರುವತ್ತು ಯಾವ ಲೆಕ್ಕ? ಆದರೆ ಅವುಗಳನ್ನು ಹಿಡಿದು ಅವಳು ಮೂರು ಗೆರೆ ಎಳೆದು ನೆಲವನ್ನು ಮತ್ತೆ ಕಟ್ಟಿದಾಗ, ಅಷ್ಟು ದಿನ ಸಪಾಟಾಗಿ ಬಿದ್ದಿದ್ದ ಹೊಲಗಳ ನಡುವೆ ಹಳ್ಳ ಬಾಯಿ ತೆರೆಯಿತು. ಕೋಡಿಯ ಬಳಿ ಒತ್ತಿದ ಹನಿ ಈ ಸಲ ಅತ್ತಿತ್ತ ನೋಡದೆ ಅದರೊಳಗೆ ಇಳಿದು ಹೋಯಿತು. ನಕ್ಷೆಯಲ್ಲಿ ಹಳ್ಳ ಬರುವ ಕಡೆ ಎರಡು ಕಣ್ಣಿನ ದೊಡ್ಡ ಮೋರಿ ಬಂತು. ಕೇರಿಯ ಹಿಂದಿನ ಸಣ್ಣ ಮೋರಿಯನ್ನು ಮಳೆನೀರಿಗೆಂದು ಹಾಗೇ ಉಳಿಸಿದರು.

2022ರ ಮಳೆಗಾಲ ನಿಮಗೆಲ್ಲ ನೆನಪಿರಬೇಕು. ತುಮಕೂರು ಸೀಮೆಯಲ್ಲಿ ಎಷ್ಟೋ ಕೆರೆಗಳು ವರ್ಷಗಳ ಮೇಲೆ ತುಂಬಿದವು. ನಮ್ಮೂರ ಕೆರೆಯೂ ಕೋಡಿ ಬಿತ್ತು. ರಸ್ತೆಯ ಕೆಲಸ ಇನ್ನೂ ಅಲ್ಲಿಯವರೆಗೆ ಬಂದಿರಲಿಲ್ಲ. ಅಣ್ಣ ಏರಿಯ ಮೇಲೆ ನಿಂತು ತೆಗೆದ ವಿಡಿಯೋ ಕಳಿಸಿದ. ಕೆಂಪು ನೀರು ಲಾಂಟಾನವನ್ನು ಬುಡಸಮೇತ ಕಿತ್ತುಕೊಂಡು ತನ್ನ ಹಳೆಯ ಜಾಡಿನಲ್ಲೇ ಹೋಗುತ್ತಿತ್ತು. ಆ ಹೊತ್ತಿಗೆ ಬೆಂಗಳೂರಿಗೆ ಮರಳಿದ್ದ ಸೊಸೆ ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, "ಅತ್ತೆ, ಒಂದು ತಿರುವಿನಲ್ಲಿ ನನ್ನ ಗೆರೆಗಿಂತ ಹೊರಗೆ ಹೋಗಿದೆ" ಎಂದಳು. ಅಲ್ಲಿ ಒಂದು ಹೊಲದವರು ಮಣ್ಣು ತುಂಬಿ ದಂಡೆಯನ್ನೇ ಒಳಕ್ಕೆ ತಂದಿದ್ದರಂತೆ. ನೀರು ಆ ಹೊಸ ದಂಡೆಯನ್ನು ಒಪ್ಪದೆ ತನ್ನ ಹಳೆಯ ಅಗಲವನ್ನು ತಾನೇ ತೆಗೆದುಕೊಂಡಿತ್ತು. ಅವಳು ಆ ತಿರುವಿನಲ್ಲಿ ಗೆರೆಯನ್ನು ನೀರು ಹೋದಲ್ಲಿಗೆ ಸರಿಸಿದಳು. ಈಗ ರಸ್ತೆಯಾಗಿದೆ, ಮೋರಿಯೂ ಇದೆ. ದಾರಿ ತೋರಿಸಿದ ನೀರುಗಂಟಿಯವರು ಈಗಿಲ್ಲ. ಅವರ ಹೆಂಡತಿ, ಮೊಮ್ಮಕ್ಕಳು ಅದೇ ಕೆಳಗಿನ ಕೇರಿಯಲ್ಲಿದ್ದಾರೆ.

ಇದನ್ನೆಲ್ಲ ನೋಡಿದ ಮೇಲೆ ನನ್ನ ಪಾಠದಲ್ಲೂ ಒಂದು ಬದಲಾವಣೆಯಾಗಿದೆ. ಬೋಗುಣಿಯ ಗುಡ್ಡದ ಜೊತೆಗೆ ಮಕ್ಕಳಿಗೆ ಒಂದು ಮನೆಗೆಲಸ ಕೊಡುತ್ತೇನೆ. ನಿಮ್ಮ ಬೀದಿಯಲ್ಲಿ ಮಳೆ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಮನೆಯ ಹಿರಿಯರನ್ನು ಕೇಳಿ ಬರೆದು ತನ್ನಿ ಎಂದು. ಒಬ್ಬ ಹುಡುಗಿ ತನ್ನ ಅಜ್ಜಿಯನ್ನು ಕೇಳಿ ಬಂದು, ನಮ್ಮ ಶಾಲೆಯ ಆಟದ ಮೈದಾನವೇ ಒಂದು ಕಾಲದ ಕಾಲುವೆ ಎಂದು ಬರೆದಿದ್ದಳು. ಪ್ರತಿ ಮಳೆಗಾಲ ಅಲ್ಲಿ ಯಾಕೆ ನೀರು ನಿಲ್ಲುತ್ತದೆ ಎಂಬುದು ಆ ದಿನ ಇಡೀ ಸ್ಟಾಫ್ ರೂಮಿಗೇ ತಿಳಿಯಿತು.

ಚುಕ್ಕಿಗಳು ಎಷ್ಟೇ ಹೆಚ್ಚಾಗಲಿ, ಈಗ ಡ್ರೋನ್ ಹಾರಿಸಿ ಲಕ್ಷಗಟ್ಟಲೆ ತೆಗೆಯುತ್ತಾರೆ, ಪೊದೆಯ ನೆತ್ತಿಯ ಫೋಟೋ ತೆಗೆದ ಮಾತ್ರಕ್ಕೆ ಅದರ ಬುಡದಲ್ಲಿ ಮಲಗಿರುವ ಹಳ್ಳ ಸಿಗುವುದಿಲ್ಲ. ಅದನ್ನು ಬಲ್ಲವರು ಆ ನೆಲದ ಮೇಲೆ ಓಡಾಡಿದವರು. ನೀರು ಹೊತ್ತವರು, ಬಟ್ಟೆ ಒಗೆಯಲು ಹೋದವರು, ಹುಲ್ಲು ಕೊಯ್ದವರು, ಮಳೆ ಬಂದಾಗ ಯಾವ ಮೂಲೆಯಿಂದ ಮೊದಲು ನೀರು ನುಗ್ಗುತ್ತದೆ ಎಂದು ರಾತ್ರಿ ಎದ್ದು ನೋಡಿದವರು. ಇವರಲ್ಲಿ ಮುಕ್ಕಾಲು ಪಾಲು ಹೆಂಗಸರೇ ಅಲ್ಲವೇ? ಆದರೆ ಅವರನ್ನು ಯಾರೂ ಕೇಳುವುದಿಲ್ಲ, ಅವರಾಗಿ ಹೇಳುವುದೂ ಇಲ್ಲ. ಎಂಜಿನಿಯರುಗಳ ಕೆಲಸದಲ್ಲಿ ನಮ್ಮದೇನು ಎಂಬ ಸಂಕೋಚ.

ನಿಮ್ಮ ಬೀದಿಯಲ್ಲೋ ನಿಮ್ಮ ತವರಿನ ಹೊಲದಲ್ಲೋ ಮೂರು ಕಾಲಿನ ಯಂತ್ರ ಇಟ್ಟುಕೊಂಡು ಹುಡುಗರು ಬಿಸಿಲಲ್ಲಿ ನಿಂತಿದ್ದರೆ, ಒಂದು ಚೊಂಬು ಮಜ್ಜಿಗೆ ತೆಗೆದುಕೊಂಡು ಹತ್ತಿರ ಹೋಗಿ. ಪಾಪ, ಅವರೂ ಯಾರದೋ ಮನೆಯ ಮಕ್ಕಳು, ಬಾಯಾರಿರುತ್ತಾರೆ. ಅವರು ಕುಡಿಯುವಷ್ಟು ಹೊತ್ತು ನಿಂತು, "ನೋಡ್ರಪ್ಪಾ, ಮಳೆ ಬಂದರೆ ನೀರು ಇಲ್ಲಿಂದ ಬಂದು ಹೀಗೆ ಹೋಗುತ್ತೆ" ಎಂದು ಕೈ ತೋರಿಸಿ ಹೇಳಿ. ಕೋಲು ಹಿಡಿದ ಹುಡುಗ ಎರಡು ಹೆಜ್ಜೆ ಆ ಕಡೆ ನಡೆದು ಒಂದು ಚುಕ್ಕಿ ಹೆಚ್ಚಿಗೆ ತೆಗೆದುಕೊಂಡರೂ ಸಾಕು.